ಆಷಾಢದಲ್ಲಿ ಅಂಡಮಾನ್

ನೆಗೆಣ್ಣಿ ನೀಲಕ್ಕಾ,

ನಾವು ಹೋಗಿ ಬಂದೆವು. ಇದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ನೀನು ಯಾವ ಸುದ್ದಿಗೂ ಕೊನೆಯವರೆಗೆ ಕಾಯುವವಳಲ್ಲ. ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲೇ ನೀನು "ಏನಾತು, ಅದನ್ನ ಮೊದಲ ಹೇಳು" ಅನ್ನುತ್ತಿದ್ದೆ. ಆಯಿತು, ಹೇಳಿದೆ. ಜುಲೈ ತಿಂಗಳಲ್ಲಿ, ಸುರಿಯುವ ಮಳೆಯಲ್ಲಿ, ಅಂಡಮಾನಿಗೆ ಹೋಗಿ ಬಂದೆವು. ನಾನು ಮತ್ತು ಅತ್ತೆ. ಹೌದು, ನಮ್ಮ ಅತ್ತೆಯೇ. ನಗಬೇಡ, ಮುಂದೆ ಓದು.

ಇದು ಶುರುವಾದದ್ದು ನರಗುಂದದಲ್ಲಿ. ನಿನ್ನ ಮಗಳು ವಿದ್ಯಾ ಹೊಸ ಮನೆ ಹೊಕ್ಕ ದಿನ ಊಟ ಮುಗಿಸಿ ಪಡಸಾಲೆಯಲ್ಲಿ ಕೂತಿದ್ದೆವು. ಪಕ್ಕದ ಮನೆಯ ಹತ್ತಿ ವ್ಯಾಪಾರಿಯ ಹೆಂಡತಿ ಅದೇ ವಾರ ಅಂಡಮಾನಿನಿಂದ ಬಂದಿದ್ದರು. ಫೋನಿನಲ್ಲಿ ಫೋಟೊ ಒಂದೊಂದಾಗಿ ಸರಿಸಿ ತೋರಿಸುತ್ತಿದ್ದರು. ನೀನು ಬಹಳ ಹೊತ್ತು ನೋಡಿ, "ಸುತ್ತೆಲ್ಲಾ ನೀರು, ನಡುವ ಊರು. ಅಲ್ಲಿ ಸೊಸಿ ಸಿಟ್ಟು ಮಾಡಿಕೊಂಡು ತವರಿಗೆ ಹೊಂಟರ ಹ್ಯಾಂಗ ಹೋಗಬೇಕ್ರಿ?" ಎಂದೆ. ಎಲ್ಲರೂ ನಕ್ಕರು. ನೀನೂ ನಕ್ಕೆ. ಆದರೆ ವಾಪಸು ಬರುವ ಬಸ್ಸಿನಲ್ಲಿ, ಯಾವಗಲ್ ದಾಟಿದ ಮೇಲೆ, ಕಿಟಕಿಯಿಂದ ಮುಖ ತಿರುಗಿಸದೆ ಕೇಳಿದೆ: "ಸುನಂದಾ, ಅಲ್ಲಿಗೆ ಹೋಗಿ ಬರಾಕ ಎಷ್ಟ ದಿನ ಬೇಕು?" ಮೂವತ್ತೊಂದು ವರ್ಷ ಆ ಮನೆಯ ಹಿರಿಯ ಸೊಸೆಯಾಗಿದ್ದವಳು ತನಗಾಗಿ ದಿನ ಕೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಮರುವಾರವೇ ನಾನು ಹಾಳೆಯ ಮೇಲೆ ತಿಂಗಳುಗಳ ಪಟ್ಟಿ ಮಾಡಿದೆ. ನಿನಗೆ ಗೊತ್ತಲ್ಲ, ಮಾಸ್ತರಿಕೆಯವರಿಗೆ ಪಟ್ಟಿ ಹಾಕದೆ ಏನೂ ತಿಳಿಯುವುದಿಲ್ಲ. ಡಿಸೆಂಬರಿನಿಂದ ಏಪ್ರಿಲ್ ತನಕ ಸಮುದ್ರ ಶಾಂತ. ಮೇ ಕೊನೆಯಿಂದ ಮಳೆ, ದೊಡ್ಡ ಅಲೆ. ಅಕ್ಟೋಬರ್, ನವೆಂಬರ್ ಚಂಡಮಾರುತದ ಕಾಲ. ನಾನು ಓದುತ್ತಾ ಹೋದೆ, ನೀನು ರೊಟ್ಟಿ ಬಡಿಯುತ್ತಾ ಒಂದೊಂದು ತಿಂಗಳಿಗೂ ಉತ್ತರ ಕೊಡುತ್ತಾ ಹೋದೆ. "ಜನವರಿಗೆ ಕಡ್ಲಿ ಕೀಳೂದು. ಫೆಬ್ರವರಿಗೆ ಜೋಳ. ಏಪ್ರಿಲ್ ತುಂಬ ಮಂದೀ ಮದುವಿ. ನಿನ್ನ ಸಮುದ್ರ ಸುಮ್ಮನಿದ್ದಾಗ ನಮ್ಮ ಹೊಲ ಸುಮ್ಮನಿರೂದಿಲ್ಲ ನೋಡು." ಅದು ಖರೆಯೇ ಆಗಿತ್ತು. ನನ್ನ ಪಟ್ಟಿಯಲ್ಲಿ ಹೊಲ ಇರಲೇ ಇಲ್ಲ.

ಆಮೇಲೆ ನೀನೇ ತಿಂಗಳು ಹೇಳಿದೆ. "ಆಷಾಢದಾಗ ಹೋಗೂನು. ಹೆಸರು ಬಿತ್ತಿ, ಎಡಿ ಹೊಡದು, ಕಸ ತಗದಾದ ಮ್ಯಾಲೆ ಎಂಟ ದಿನ ಹೊಲ ನಮ್ಮನ್ನ ಕರಿಯೂದಿಲ್ಲ."

"ಅಕ್ಕಾ, ಮಳಿಯಾಗ ಹಡಗ ಬಿಡೂದಿಲ್ಲ. ಅಷ್ಟ ದೂರ ಹೋಗಿ ರೂಮಿನ್ಯಾಗ ಕುಂತ ಬರಬೇಕಾಕ್ಕೈತಿ."

"ಸುಮ್ಮನ ಕುಂಡ್ರೂದು ನನಗ ಗೊತ್ತಿಲ್ಲ. ಅದನ್ನರ ಕಲತ ಬರ್ತೀನಿ."

ನಾನು ಒಪ್ಪಲಿಲ್ಲ. ಕಲಿತವಳ ಹಟ ಅದು. ಹೋಗುವುದಾದರೆ ಸರಿಯಾದ ಕಾಲದಲ್ಲಿ ಹೋಗಬೇಕು, ನೀಲಿ ನೀರು ನೋಡಬೇಕು, ಹಡಗು ಹೊತ್ತಿಗೆ ಸರಿಯಾಗಿ ಬಿಡಬೇಕು... ಫೆಬ್ರವರಿ ಕೊನೆ ಎಂದು ಗಟ್ಟಿ ಮಾಡಿದೆ. ಜೋಳದ ರಾಶಿ ನಾಲ್ಕು ದಿನ ಮುಂದೆ ಹೋದರೆ ಆಕಾಶ ಬೀಳುವುದಿಲ್ಲ ಎಂದೆ. ನಿನ್ನ ಗಂಡ, ನಮ್ಮ ಭಾವ, ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಟಿಕೆಟ್ ತೆಗೆದ ಮೇಲೆ ನಾವಿಬ್ಬರೂ ಗಜೇಂದ್ರಗಡಕ್ಕೆ ಹೋಗಿ, ನೇಕಾರರ ಮನೆಯಲ್ಲೇ ಕೂತು ನಿನಗೊಂದು ಸೀರೆ ಆರಿಸಿದೆವು. ಅವರು ನೀಲಿ ಬಿಚ್ಚಿದರು, ಹಸಿರು ಬಿಚ್ಚಿದರು. ನೀನು, "ನೀರಿನ ಬಣ್ಣದ್ದು ಬ್ಯಾಡ್ರಿ, ನಾ ಎಲ್ಲಿದ್ದೀನಂತ ಈಕಿಗೆ ಕಾಣೂದಿಲ್ಲ. ಕೆಂಪು ಕೊಡ್ರಿ" ಎಂದೆ.

ಹೊರಡುವ ದಿನದ ಮುಂಜಾನೆ ಅತ್ತೆ ಚಾಪೆ ಬಿಟ್ಟು ಏಳಲಿಲ್ಲ. "ಯವ್ವಾ, ಮೊಣಕಾಲು" ಎಂದು ಒಂದೇ ನರಳಾಟ. ನೀನು ನನ್ನ ಮುಖ ನೋಡಿದೆ. ನಾನು ಫೋನ್ ನೋಡಿದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ, ದ್ವೀಪದಲ್ಲಿ ಎರಡು ದಿನ ಮಳೆ ಬರಬಹುದು ಎಂದಿತ್ತು. "ಹ್ಯಾಂಗೂ ಹವಾಮಾನ ಸರಿ ಇಲ್ಲ ಅಕ್ಕಾ, ಮುಂದಿನ ಸಲ ಹೋಗೂನು" ಎಂದೆ. ನೀನು ದಾರಿಗೆಂದು ಕಟ್ಟಿದ್ದ ಬುತ್ತಿ ಬಿಚ್ಚಿ ಮಧ್ಯಾಹ್ನ ಎಲ್ಲರಿಗೂ ಅದನ್ನೇ ಬಡಿಸಿದೆ. ಎಂಟು ದಿನ ಅತ್ತೆಯ ಕಾಲಿಗೆ ಎಣ್ಣೆ ಕಾಯಿಸಿ ತಿಕ್ಕಿದೆ.

ಅದೇ ವರ್ಷ ಆಷಾಢ ಬಂದಾಗ ನೀನು ಇನ್ನೊಂದು ಸಲ ಕೇಳಿದೆ. ಹೆಸರಿನ ಬೆಳೆಗೆ ಎಡೆ ಹೊಡೆದಾಗಿತ್ತು. ನಾನು ರಾಜೂರಿನ ಶಾಲೆಗೆ ಹೋಗುವ ಬಸ್ಸು ಹಿಡಿಯುವ ಅವಸರದಲ್ಲಿದ್ದೆ. ಈಗ ತಾನೇ ಶಾಲೆ ಶುರುವಾಗಿದೆ, ಮೇಲಾಗಿ ಅಲ್ಲಿ ಈಗ ಅಲೆ ಎಷ್ಟು ಎತ್ತರ ಗೊತ್ತೇನು, ಬರುವ ಮಾರ್ಚಿಗೆ ಹೋಗೋಣ ಎಂದೆ. "ನೀ ಕಲತಾಕಿ. ನೀ ಹೇಳಿದಾಂಗ ಆಗಲಿ" ಎಂದೆ ನೀನು. ಆ ಮಾತಿನಲ್ಲಿ ಸಿಟ್ಟಿತ್ತೇ? ಇದ್ದರೆ ಒಳ್ಳೆಯದಿತ್ತು ಅಂತ ಈಗ ಅನ್ನಿಸುತ್ತದೆ.

ಶೀಗಿ ಹುಣ್ಣಿಮೆ ಮುಗಿದು ಮೂರನೆಯ ದಿನ, ಅಂಗಳದಲ್ಲಿ ಶೇಂಗಾ ಹಸನು ಮಾಡುತ್ತಾ ಕೂತಿದ್ದ ನೀನು ಪಕ್ಕಕ್ಕೆ ವಾಲಿದೆ. ರೋಣದ ದವಾಖಾನೆ, ಅಲ್ಲಿಂದ ಗದಗ. ತಲೆಯಲ್ಲಿ ರಕ್ತನಾಳ ಒಡೆದಿದೆ ಎಂದರು. ನೀನು ಎರಡು ದಿನ ಇದ್ದೆ, ಮಾತಿರಲಿಲ್ಲ. ಮನೆಗೆ ತಂದ ಮೇಲೆ ಭಾವ ತಾವೇ ಟ್ರಂಕಿನಿಂದ ಆ ಕೆಂಪು ಸೀರೆ ತೆಗೆದು ನಿನಗೆ ಉಡಿಸಲು ಹೆಂಗಸರ ಕೈಗೆ ಕೊಟ್ಟರು. ಒಮ್ಮೆಯೂ ಉಡದ, ಘಳಿಗೆ ಮುರಿಯದ ಸೀರೆ. ನಾನು ಅಳಲಿಲ್ಲ ಎಂದು ಓಣಿಯವರು ಮಾತಾಡಿಕೊಂಡರು. ಮರುದಿನ ಫೋನ್ ತೆಗೆದು ಅಂಡಮಾನಿನ ಹವಾಮಾನ ನೋಡಿದೆ. ನನ್ನ ಪಟ್ಟಿಯಲ್ಲಿ ಚಂಡಮಾರುತ ಎಂದು ಬರೆದ ತಿಂಗಳು ಅದು. ಆ ವಾರ ಅಲ್ಲಿ ಆಕಾಶ ತಿಳಿಯಾಗಿತ್ತು. ಯಾಕೆ ನೋಡಿದೆನೋ, ಯಾರಿಗೆ ಹೇಳಲೆಂದು ನೋಡಿದೆನೋ...

ಈ ವರ್ಷ ಜೂನಿನಲ್ಲಿ ಒಂದು ಸಂಜೆ ಅತ್ತೆ ಅಕ್ಕಿ ಆರಿಸುತ್ತಾ ಇದ್ದಕ್ಕಿದ್ದಂತೆ ಕೇಳಿದರು: "ಆಕಿ ಯಾವ ತಿಂಗಳು ಹೋಗೂನು ಅಂದಿದ್ಲು?"

"ಆಷಾಢದಾಗ್ರಿ."

"ಹಂಗಾರ ಆಷಾಢದಾಗ ಹೋಗೂನು. ನಾ ಬರ್ತೀನಿ."

ನಾನು ಅಲೆಯ ಮಾತು ತೆಗೆದೆ, ಅವರ ಎಪ್ಪತ್ತಾರು ವರ್ಷದ ಮಾತು ತೆಗೆದೆ. ಆಷಾಢದಲ್ಲಿ ನೀವು ಹೊಸ ಪೊರಕೆಯನ್ನೂ ಮನೆಗೆ ತರಗೊಡುವುದಿಲ್ಲವಲ್ಲ ಎಂದೆ. "ಆಷಾಢದಾಗ ಶುಭಕಾರ್ಯ ಮಾಡಬಾರದು. ಇದೇನ ಶುಭಕಾರ್ಯ? ತಿರಗಾಟ" ಎಂದುಬಿಟ್ಟರು. ನಮ್ಮ ಮನೆಯವರು ಬೇಡವೆನ್ನಲು ಬಾಯಿ ತೆರೆದರು. ಅತ್ತೆ ಮಗನ ಕಡೆ ನೋಡಿದ ನೋಟ ನೀನೇ ಕಲ್ಪಿಸಿಕೋ. ಶಾಲೆಯಲ್ಲಿ ರಜೆ ಬರೆದುಕೊಟ್ಟೆ. ಕಾರಣದ ಜಾಗದಲ್ಲಿ "ಕೌಟುಂಬಿಕ" ಎಂದಷ್ಟೇ ಬರೆದೆ.

ಬೆಂಗಳೂರಿನಿಂದ ವಿಮಾನ. ತಪಾಸಣೆಯ ಹುಡುಗಿ ಅತ್ತೆಯ ಚೀಲದಲ್ಲಿದ್ದ ಶೇಂಗಾ ಚಟ್ನಿಯ ಡಬ್ಬಿ ತೆರೆಸಿ ಇದೇನು ಎಂದು ಕೇಳಿದಳು. "ಶೇಂಗಾದ್ದು. ಕೈ ಹಿಡಿ, ಉಂಡ ನೋಡು" ಎಂದು ಅತ್ತೆ ಅವಳ ಅಂಗೈಗೇ ಸುರಿಯಲು ಹೋದರು. ವಿಮಾನ ಏರುವಾಗ ಕಣ್ಣು ಮುಚ್ಚಲಿಲ್ಲ. ಕೆಳಗೆ ಮೋಡ ಕಂಡಾಗ ಮಾತ್ರ, "ಮ್ಯಾಲಿಂದ ನೋಡಿದ್ರ ಹತ್ತಿ ಬಿಡಿಸಿ ಒಗದಾಂಗ ಕಾಣತೈತಿ. ಕೆಳಗಿದ್ದಾಗ ಎಷ್ಟ ಕಾಡತಾವು ಇವು" ಎಂದರು.

ನಾನು ಹೇಳಿದಂತೆಯೇ ಆಯಿತು. ಪೋರ್ಟ್ ಬ್ಲೇರ್‌ನಲ್ಲಿ ಮೂರು ದಿನ ಮಳೆ, ಸಣ್ಣ ದ್ವೀಪಕ್ಕೆ ಹೋಗುವ ಹಡಗು ಬಂದ್. ನಾನು ಲಾಡ್ಜಿನ ಕೋಣೆಯಲ್ಲಿ ಹಾಸಿಗೆಯ ಮೇಲೆ ಕೂತು ಗಂಟೆಗೊಮ್ಮೆ ಫೋನ್ ನೋಡುತ್ತಿದ್ದೆ. ಅತ್ತೆ ಹೊರಗೆ ಪಡಸಾಲೆಯ ಕುರ್ಚಿಯಲ್ಲಿ. ಲಾಡ್ಜ್ ನೋಡಿಕೊಳ್ಳುವ ಬಂಗಾಳಿ ಹೆಂಗಸು ಹಿಂದಿಯಲ್ಲಿ ಮಾತಾಡುತ್ತಿದ್ದಳು, ಅತ್ತೆ ನಮ್ಮೂರು ಸವಡಿಯ ಕನ್ನಡದಲ್ಲಿ. ಎರಡನೆಯ ದಿನಕ್ಕೆ ಅವಳಿಗೆ ಎಷ್ಟು ಮಕ್ಕಳು, ಯಾವ ಮಗನಿಗೆ ಇನ್ನೂ ಹೆಣ್ಣು ಸಿಕ್ಕಿಲ್ಲ ಎಂಬುದೆಲ್ಲ ಅತ್ತೆಗೆ ಗೊತ್ತಾಗಿತ್ತು. ಹೇಗೆ ಅಂತ ಕೇಳಬೇಡ. ಅಲ್ಲಿ ಆರು ಗಂಟೆಗೆಲ್ಲ ಕತ್ತಲಾಗುತ್ತದೆ. ನನ್ನ ಗಡಿಯಾರ ಕೆಟ್ಟಿದೆ ಎಂದು ಅತ್ತೆ ಕೊನೆಯ ತನಕ ನಂಬಿದ್ದರು.

ನಾಲ್ಕನೆಯ ದಿನ ಹಡಗು ಬಿಟ್ಟರು. ನನಗೆ ವಾಂತಿ. ಅತ್ತೆಗೆ ಏನೂ ಆಗಲಿಲ್ಲ, ಚಕ್ಕಡಿಯಲ್ಲಿ ಕೂತವರಂತೆ ಕೂತಿದ್ದರು. ದ್ವೀಪದ ದಂಡೆಯಲ್ಲಿ ನಮ್ಮನ್ನು ಬಿಟ್ಟರೆ ಯಾರೂ ಇರಲಿಲ್ಲ. ನೀರು ಫೋಟೊದಲ್ಲಿ ಕಂಡ ನೀಲಿಯಲ್ಲ, ಬೂದಿ ಬಣ್ಣ. ದೂರದಲ್ಲಿ ಮಳೆ ಬರುತ್ತಿರುವುದು ಕಂಡಿತು. ನಮ್ಮ ಎರೆ ಹೊಲದ ಆಚೆ ಅಂಚಿನಿಂದ ಬರುತ್ತದಲ್ಲ, ಹಾಗೆಯೇ, ಪರದೆಯಂತೆ. "ಬಂತು, ಒಣಗಾಕ ಹಾಕಿದ್ದು ತಗೀ" ಎಂದುಬಿಟ್ಟರು ಅತ್ತೆ. ಆಮೇಲೆ ತಾವೇ ನಕ್ಕರು. ನಾನು ಕೊಡೆ ಬಿಚ್ಚಿದೆ. ಇಬ್ಬರೂ ಒಂದು ಬಿದ್ದ ಮರದ ಮೇಲೆ ಕೂತೆವು. ಅಷ್ಟು ಮಳೆ ಅಷ್ಟು ನೀರಿನೊಳಗೆ ಬಿದ್ದು ಹೋಗುವುದನ್ನು ನೋಡುತ್ತಾ ಅವರು, "ಹೆಸರಿಗೆ ಇಂಥಾದೊಂದು ಬಿದ್ದಿದ್ರ ಸಾಕಾಗಿತ್ತು" ಎಂದರು. ಆಮೇಲೆ:

"ಸುನಂದಾ, ಅವತ್ತ ನನ್ನ ಮೊಣಕಾಲು ನೋಯತಿದ್ದಿಲ್ಲ."

"ಗೊತ್ತೈತ್ರಿ."

ಅವರು ನನ್ನ ಕಡೆ ತಿರುಗಿದರು. ಹೇಳಿದೆ. ಆ ದಿನ ನಸುಕಿನಲ್ಲಿ, ಅವರು ತುಂಬಿದ ಕೊಡ ಸೊಂಟದ ಮೇಲಿಟ್ಟುಕೊಂಡು ದನಗಳ ಬಾನಿಗೆ ನೀರು ಹಾಕಲು ಹೋಗುವುದನ್ನು ಕಿಟಕಿಯಿಂದ ನೋಡಿದ್ದೆ. ಅದಾದ ಅರ್ಧ ಗಂಟೆಗೆ ನರಳಾಟ ಶುರುವಾಗಿತ್ತು.

"ನೋಡಿ ಯಾಕ ಸುಮ್ಮನಿದ್ದಿ?"

"ಅಲ್ಲಿ ಮೋಡ ಐತಿ ಅಂತ ಫೋನಿನ್ಯಾಗ ತೋರಸತಿತ್ರಿ."

"ಮೋಡ" ಎಂದರು ಅತ್ತೆ. ಅಷ್ಟೇ. ಬೈಯಲಿಲ್ಲ. ಬೈಯುವ ಜಾಗದಲ್ಲಿ ಅವರೂ ಇರಲಿಲ್ಲವಲ್ಲ. ತಾವೇ ಅಂದರು: "ನನಗ ಅಂಜಿಕಿ ಬಂತು. ಆಕಿ ಇಲ್ಲದ ಒಂದ ದಿನಾನೂ ಆ ಮನಿ ನಡದದ್ದು ನಾ ನೋಡಿದ್ದಿಲ್ಲ. ಎಂಟ ದಿನ ಹ್ಯಾಂಗ ಅನಸ್ತು. ಈಗ ನೋಡು, ನಡಿಯಾಕ ಹತ್ತೈತಿ."

ನೀಲಕ್ಕಾ, ಅಂದು ನಾನು ಒಂದು ಮಾತು ಆಡಿದ್ದರೆ ಅತ್ತೆ ಎದ್ದು ಕೂರುತ್ತಿದ್ದರು. ನೀನು ಹೋಗಿರುತ್ತಿದ್ದೆ. ಎರಡು ದಿನ ಮಳೆ ಬರುತ್ತಿತ್ತು, ಅಷ್ಟೇ ಅಲ್ಲವೇ? ನಾನು ಸುಮ್ಮನಿದ್ದದ್ದು ಅತ್ತೆಗೆ ಹೆದರಿ ಅಲ್ಲ. ಶಾಂತ ಎಂದ ತಿಂಗಳಲ್ಲಿ ಮಳೆ ಬಂದು ನನ್ನ ಪಟ್ಟಿ ತಪ್ಪಾಗಬಾರದು ಎಂದು. ಇದನ್ನು ನಿನ್ನ ಮುಂದೆ ಹೇಳಬೇಕಿತ್ತು. ಕ್ಷಮೆ ಕೇಳುತ್ತಿಲ್ಲ, ಕೇಳಿದರೆ ನೀನು ತಕ್ಷಣ ಕೊಟ್ಟುಬಿಡುತ್ತಿದ್ದೆ, ಅದರಿಂದ ನನಗೇನೂ ಆಗುವುದಿಲ್ಲ. ನಡೆದದ್ದು ನಿನಗೆ ಗೊತ್ತಿರಲಿ ಎಂದು ಬರೆದೆ.

ಮಳೆ ನಿಂತ ಮೇಲೆ ಅತ್ತೆ ಸೀರೆ ಎತ್ತಿ ಕಟ್ಟಿ ನೀರಿಗಿಳಿದರು. ನನ್ನ ಕೈ ಹಿಡಿಯಲಿಲ್ಲ. ಒಂದು ಬೊಗಸೆ ನೀರು ಎತ್ತಿ, ಏನೋ ಅಂದು, ಮತ್ತೆ ಸಮುದ್ರಕ್ಕೇ ಬಿಟ್ಟರು. ಏನೆಂದರು ಎಂದು ನಾನು ಕೇಳಲಿಲ್ಲ. ಅದು ನಿಮ್ಮಿಬ್ಬರದು.

ಊರಿಗೆ ಬಂದು ಈಗ ಒಂದು ತಿಂಗಳ ಮೇಲಾಯಿತು. ಹೆಸರು ಚೀಲ ಸೇರಿದೆ, ಹಿಂಗಾರಿ ಬಿತ್ತನೆಗೆ ಇನ್ನೂ ದಿನ ಇವೆ. ಹೋದ ಭಾನುವಾರ ಭಾವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ನಿನಗೆ ಗೊತ್ತು, ಇಷ್ಟು ವರ್ಷದಲ್ಲಿ ಅವರು ನನ್ನ ಜೊತೆ ನೇರ ಮಾತಾಡಿದ್ದು ಕಡಿಮೆ. ಬರುವ ಸೋಮವಾರ ತಾವೂ ವಿದ್ಯಾಳೂ ಅಂಡಮಾನಿಗೆ ಹೋಗಿ ಬರುವುದಾಗಿ ಹೇಳಿದರು. ವಿದ್ಯಾ ನರಗುಂದದಿಂದ ಹಿಂದಿನ ದಿನವೇ ಬರುತ್ತಾಳಂತೆ. ಟಿಕೆಟ್ ನಾನೇ ತೆಗೆದುಕೊಡಬೇಕಂತೆ. ಹವಾಮಾನ ಹೇಗಿರುತ್ತದೆ ಎಂದು ಅವರು ಕೇಳಲಿಲ್ಲ, ನಾನೂ ನೋಡಲಿಲ್ಲ.

ಫೋನಿನಲ್ಲಿ ವಿಮಾನದ ಕುರ್ಚಿಗಳ ಚಿತ್ರ ತೆರೆದು, ಎಲ್ಲಿ ಕೂರುತ್ತೀರಿ ಎಂದು ಕೇಳಿದೆ. ಅವರು ಚಿತ್ರ ನೋಡಲಿಲ್ಲ, ಹೊಸ್ತಿಲು ನೋಡುತ್ತಾ ಕೇಳಿದರು:

"ಆ ವರ್ಷದ ಟಿಕೆಟ್‌ನ್ಯಾಗ ನಿಮ್ಮಕ್ಕಂದು ಯಾವ ಕಡೆ ಇತ್ತು?"

"ಕಿಟಕಿ ಕಡೆರಿ ಭಾವ. ಬಲಕ್ಕ."

"ಹಂಗಾರ ಅದನ್ನ ತಗಿ" ಎಂದರು.

ತೆಗೆದಿದ್ದೇನೆ.

ನಿನ್ನ,
ಸುನಂದಾ