ಶನಿವಾರದ ಕುದುರೆ

ಸುಂಡ್ಸ್ವಾಲ್, ಗುರುವಾರ

ಪ್ರೀತಿಯ ಅಪ್ಪನಿಗೆ,

"ಏನೇ ಮೆರ್ತಾ, ಶನಿವಾರದ ಕುದುರೆ ಮರ್ತೇಬಿಟ್ಯಾ? ನನ್ ಮೇಲೆ ಸಿಟ್ಟಾ?" ಎಂದು ಫೋನಿನಲ್ಲಿ ಕೇಳಿದೆಯಲ್ಲ. ಸಿಟ್ಟೇನಿಲ್ಲ. ನನ್ನನ್ನು ಜೂಜಿನಿಂದ ದೂರವಿಡಿ ಎಂದು ಸರ್ಕಾರದ ಪಟ್ಟಿಗೆ ನಾನೇ ಹೆಸರು ಕೊಟ್ಟಿದ್ದೇನೆ. ಲೈಸೆನ್ಸ್ ಇರುವ ಯಾವ ಬೆಟ್ಟಿಂಗ್ ಕಂಪನಿಯೂ ಒಂದು ವರ್ಷ ನನ್ನನ್ನು ಒಳಗೆ ಬಿಡುವಂತಿಲ್ಲ. ಹಾಗಾಗಿ ಇನ್ನು ಶನಿವಾರದ ರೇಸಿನಲ್ಲಿ ನೀನು ಆರಿಸುವ ಕುದುರೆಗೆ ನನ್ನ ಫೋನಿನಿಂದ ಪಣ ಕಟ್ಟಲಾಗುವುದಿಲ್ಲ. ಯಾಕೆಂದು ಈಗ ಕೇಳಬೇಡ. ಇಷ್ಟು ಬರೆಯುವುದಕ್ಕೇ ಸುಸ್ತಾಗಿದೆ.

ನೀನು ಬೇಕಾದರೆ ಆಡು. ವಾರಕ್ಕೆ ಇಷ್ಟೇ ಹಣ ಎಂದು ಮೊದಲೇ ಮಿತಿ ಹಾಕಿಕೋ, ಸೋತ ದಿನ ಅದನ್ನು ಏರಿಸಬೇಡ. ಆದರೆ ನಿನ್ನ ಪಕ್ಕದ ಮನೆಯ ರುನೆ ತೋರಿಸಿದ ಆ ಹೊಸ ಸೈಟು ಮಾತ್ರ ಬೇಡ. "ಲೈಸೆನ್ಸು ಗೀಸೆನ್ಸು ಕಟ್ಕೊಂಡು ನಮಗೇನಾಗ್ಬೇಕು?" ಎಂದು ನೀನು ಅಂದೆಯಲ್ಲ. ನಿನ್ನೆ ನಾನು ಅದನ್ನು ತೆರೆದು ನೋಡಿದೆ. ಹೆಸರು ಕೇಳಿತು, ಕೊಟ್ಟೆ. ಯಾವ ಪಟ್ಟಿಯನ್ನೂ ನೋಡದೆ "ಸ್ವಾಗತ, ಮೆರ್ತಾ" ಎಂದಿತು.

ಪಟ್ಟಿಯಲ್ಲಿರುವ ನನ್ನನ್ನೂ ಒಳಗೆ ಬಿಡುವ ಜಾಗ ನಿನಗೆ ಬೇಡ, ಅಪ್ಪ. ನಿನ್ನೆ ಅದರಿಂದ ಹೊರಗೆ ಬರಲು ನನಗೆ ಬಹಳ ಹೊತ್ತು ಹಿಡಿಯಿತು.

ಶನಿವಾರ ಫೋನು ಇಲ್ಲೇ ಬಿಟ್ಟು ಬರುತ್ತೇನೆ. ದಾಲ್ಚಿನ್ನಿ ಬನ್ನು ಮಾಡಿಡು. ಅದೊಂದು ದಿನ ರೇಸು ನೋಡಲು ಟಿವಿ ಹಾಕಬೇಡ.

ನಿನ್ನ,
ಮೆರ್ತಾ