ಚಂತಮ್ಮ ಸುಮ್ಮನಾದ ಜಾಗ

ಸಂಪಿಗೆ,
9-2-2025, ಭಾನುವಾರ

ಇಂಪನಾಳ ಅಪ್ಪನವರಿಗೆ,

ಸುನಂದಾ ಮಾಡುವ ನಮಸ್ಕಾರಗಳು. ಹೀಗೆ ಕರೆದಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಮಗಳು ಹೋಗಿ ನಾಲ್ಕು ವರ್ಷವಾಯಿತು, ನೀವು ಈ ಮನೆ ಬಿಟ್ಟು ಹುಳಿಯಾರಿಗೆ ಹೋಗಿ ಮೂರು ವರ್ಷವಾಯಿತು, ಆದರೂ ನನ್ನ ಬಾಯಲ್ಲಿ ನಿಮಗೆ ಬೇರೆ ಹೆಸರು ಬಂದಿಲ್ಲ. ಅತ್ತೆಯವರು ಚೆನ್ನಾಗಿದ್ದಾರೆ. ಮಂಡಿನೋವು ಇದ್ದದ್ದೇ. ಸೊಸೆಯ ಸಾರಿಗೆ ಉಪ್ಪು ಹೆಚ್ಚಾಯಿತು ಅನ್ನುವಷ್ಟು ಚೆನ್ನಾಗಿದ್ದಾರೆ ಅಂದರೆ ನಿಮಗೆ ಅರ್ಥವಾಗುತ್ತದೆ.

ಫೋನಿನ ಕಾಲದಲ್ಲಿ ಇವಳಿಗೇನು ಕಾಗದದ ಹುಚ್ಚು ಅಂದುಕೊಳ್ಳುತ್ತೀರಿ. ಫೋನಿನಲ್ಲಿ ನೀವು ಎಲ್ಲಿ ಸಿಗುತ್ತೀರಿ? ಸೋಮವಾರ ಸೋಮವಾರ ಮಾಡುತ್ತೀರಿ, 'ಊಟ ಆಯ್ತಾ, ಅವ್ವ ಹೆಂಗವ್ರೆ' ಅನ್ನುತ್ತೀರಿ, 'ಹಾಲಿನ ವ್ಯಾನ್ ತೆಗೀಬೇಕು, ಇಡ್ತೀನಿ' ಅನ್ನುತ್ತೀರಿ. ಅಷ್ಟರಲ್ಲಿ ನಾನು ಹೇಳಬೇಕಾದದ್ದು ಹಿಡಿಸುವುದಿಲ್ಲ. ಇಂಪನಾ ಅಟ್ಟದಿಂದ ಬಿದ್ದ ದಿನದ ಬಗ್ಗೆ ನಿಮಗೆ ಒಂದು ವಿಷಯ ಹೇಳಬೇಕು. ಈ ಕಾಗದ ಮುಗಿಯುವುದರೊಳಗೆ ಧೈರ್ಯ ಬಂದರೆ ಹೇಳುತ್ತೇನೆ. ಬರದಿದ್ದರೆ ಇದನ್ನು ಒಲೆಗೆ ಹಾಕುತ್ತೇನೆ, ನಿಮ್ಮ ಕೈ ಸೇರುವುದಿಲ್ಲ.

ಹೋದ ತಿಂಗಳು ಮಾಯಸಂದ್ರದಲ್ಲಿ ನಿಮ್ಮ ತಂಗಿ ಸೌಂದರ್ಯಳ ಮಗುವಿನ ನಾಮಕರಣಕ್ಕೆ ಬಂದಿದ್ದಿರಲ್ಲ, ಅವತ್ತಿನಿಂದ ನನಗೆ ಸರಿಯಾಗಿ ಊಟ ಇಳಿಯುತ್ತಿಲ್ಲ. ಸೌಂದರ್ಯ ಮಗುವನ್ನು ಮುಂದೆ ಹಿಡಿದು 'ಎತ್ಕೊ ಅಣ್ಣ, ಸೋದರಮಾವ ನೀನು' ಅಂದಳು. ನೀವು ಎರಡು ಹೆಜ್ಜೆ ಹಿಂದೆ ಹೋಗಿ, ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, 'ಬ್ಯಾಡ ಕಣವ್ವ, ನನ್ ಕೈ ಸರಿಯಿಲ್ಲ' ಅಂದಿರಿ. ಬೆಟ್ಟಸ್ವಾಮಿ ಚಿಕ್ಕಪ್ಪ ಇನ್ನೇನೋ ತಿಳಿದುಕೊಂಡು 'ಕೊಬ್ರಿ ಎಣ್ಣೆ ಬಿಸಿ ಮಾಡಿ ತಿಕ್ಕು ಕಣ್ಲಾ, ನೋವು ಹೋಯ್ತದೆ' ಅಂದರು. ಎಲ್ಲರೂ ನಕ್ಕರು, ನೀವೂ ನಕ್ಕಿರಿ. ನಾನು ಪಾಯಸದ ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ.

ಇರಲಿ. ಮೊದಲು ನನ್ನ ಕೆಲಸದ ವಿಷಯ ಹೇಳುತ್ತೇನೆ. ಯಾಕೆ ಅಂತ ಆಮೇಲೆ ತಿಳಿಯುತ್ತದೆ.

ತಿಪಟೂರಿನ ಬಸ್ ಸ್ಟ್ಯಾಂಡ್ ಹತ್ತಿರ, ಬೀಜ ಗೊಬ್ಬರದ ಅಂಗಡಿಯ ಮಹಡಿ ಮೇಲೆ ಪರಮೇಶ್ ಅಂತ ಒಬ್ಬರು ಕಂಪ್ಯೂಟರ್ ಆಫೀಸು ನಡೆಸುತ್ತಾರೆ. ಎಲ್ಲೆಲ್ಲಿಯವರೋ ರೆಕಾರ್ಡ್ ಮಾಡಿದ ಮಾತುಗಳನ್ನು ಶುಚಿ ಮಾಡಿಕೊಡುವುದು ನಮ್ಮ ಕೆಲಸ. ಫ್ಯಾನಿನ ಸದ್ದು, ಕೆಮ್ಮು, ನಾಯಿ ಬೊಗಳಿದ್ದು ಎಲ್ಲ ತೆಗೆಯಬೇಕು. ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ಮಾತಿಲ್ಲದಿದ್ದರೆ ಆ ಜಾಗ ಕತ್ತರಿಸಿ ಎರಡು ಕಡೆಯನ್ನೂ ಸೇರಿಸಬೇಕು. ಭಾಷೆ ಬರಬೇಕಾಗಿಲ್ಲ, ಕಿವಿ ಇದ್ದರೆ ಸಾಕು. ನನ್ನ ಕಿವಿ ನಿಮಗೆ ಗೊತ್ತೇ ಇದೆ. ಅಟ್ಟದ ಮೇಲಿನ ಕಾಯಿ ಅಲ್ಲಾಡಿಸಿ, ಒಳಗಿನ ನೀರು ಬತ್ತಿ ಕೊಬ್ಬರಿಯಾಗಿದೆಯೋ ಇಲ್ಲವೋ ಅಂತ ನಿಮಗಿಂತ ಮೊದಲು ಹೇಳುತ್ತಿದ್ದವಳು ನಾನು. ಸೋತಾಗಲೆಲ್ಲ 'ನಿಂದು ಕಿವಿಯಲ್ಲ ಕಣೇ, ಮಿಷನ್ನು' ಅನ್ನುತ್ತಿದ್ದಿರಿ.

ಲಾವೋಸ್ ಅಂತ ಒಂದು ದೇಶವಿದೆಯಂತೆ. ಐವತ್ತು ವರ್ಷದ ಹಿಂದೆ ಅಲ್ಲಿ ಯುದ್ಧ ಮುಗಿದು ಸರ್ಕಾರ ಬದಲಾದಾಗ ಲೆಕ್ಕವಿಲ್ಲದಷ್ಟು ಜನ ಊರು ಬಿಟ್ಟು ಓಡಿದರಂತೆ. ನದಿ ದಾಟಿ, ಆಚೆ ದಡದ ಕ್ಯಾಂಪುಗಳಲ್ಲಿ ವರ್ಷಗಟ್ಟಲೆ ಇದ್ದು, ಅಲ್ಲಿಂದ ಅಮೆರಿಕ, ಫ್ರಾನ್ಸು ಅಂತ ಚೆದುರಿಹೋದರಂತೆ. ಈಗ ಆ ಹಳಬರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದಾರೆ. ಮೊಮ್ಮಕ್ಕಳಿಗೆ ಅವರು ಬಂದ ದಾರಿ ಗೊತ್ತಿಲ್ಲ. ಅದಕ್ಕೆ ಅಮೆರಿಕದಲ್ಲಿರುವ ಅವರ ಸಂಘದವರು ಮನೆಮನೆಗೆ ಹೋಗಿ, ಅವರವರ ಬಾಯಲ್ಲೇ ಕಥೆ ಹೇಳಿಸಿ ರೆಕಾರ್ಡ್ ಮಾಡಿದ್ದಾರೆ. ಆ ಕಥೆಗಳು ಬಂದು ಸೇರಿದ್ದು ಗೊಬ್ಬರದಂಗಡಿಯ ಮಹಡಿಗೆ, ನನ್ನ ಕಿವಿಗೆ. ಎಲ್ಲಿಂದೆಲ್ಲಿಗೆ ನೋಡಿ!

ಅವರಲ್ಲಿ ಒಬ್ಬ ಅಜ್ಜಿಯ ಹೆಸರು ಚಂತಾ. ನಮ್ಮ ಚಂದ್ರನೇ ಅವರ ಬಾಯಲ್ಲಿ ಹಾಗಾಗಿದ್ದಾನೆ ಅಂತ ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಶಿಲ್ಪ ಹೇಳಿದಳು. ನಾನು ಆಕೆಯನ್ನು ಚಂತಮ್ಮ ಮಾಡಿಕೊಂಡೆ. ಮೊಮ್ಮಗಳು ಕೇಳುತ್ತಾಳೆ, ಅಜ್ಜಿ ಹೇಳುತ್ತಾಳೆ. ಒಂದಕ್ಷರ ಅರ್ಥವಾಗುವುದಿಲ್ಲ. ಆದರೂ ಎಂಟು ದಿನ ಆ ದನಿಯನ್ನು ಕಿವಿಯಲ್ಲಿಟ್ಟುಕೊಂಡು ಕೂತ ಮೇಲೆ ಯಾವಾಗ ಜಂಬ ಕೊಚ್ಚುತ್ತಾಳೆ, ಯಾವಾಗ ಸೊಸೆಯನ್ನು ಆಡಿಕೊಳ್ಳುತ್ತಾಳೆ ಎಲ್ಲ ತಿಳಿಯುತ್ತಿತ್ತು. ಥೇಟ್ ನಮ್ಮ ಅತ್ತೆಯವರ ರಾಗ. ಇದನ್ನು ಅವರಿಗೆ ಹೇಳಬೇಡಿ.

ಎಂಟನೆಯ ದಿನ ಮೊಮ್ಮಗಳು ಏನೋ ಕೇಳಿದಳು. ಚಂತಮ್ಮ ಒಂದು ಮಾತು ಹೇಳಿ ಸುಮ್ಮನಾದಳು. ನಲವತ್ತೊಂದು ಸೆಕೆಂಡು. ದೂರದಲ್ಲಿ ಏನೋ ಬಡಿದ ಹಾಗೆ ಸಣ್ಣ ಸದ್ದು ಬಿಟ್ಟರೆ ಏನೂ ಇಲ್ಲ. ನಾನು ಕತ್ತರಿಸಿದೆ. ಹಿಂದಿನ ಮಾತಿಗೆ ಮುಂದಿನ ಮಾತನ್ನು ಅಂಟಿಸಿದೆ. ಎಷ್ಟು ಚೆನ್ನಾಗಿ ಕೂಡಿತ್ತು ಅಂದರೆ ಪರಮೇಶ್ ಅವರು ಉಳಿದ ಹುಡುಗಿಯರನ್ನು ಕರೆದು 'ನೋಡಿ ಕಲೀರಮ್ಮ' ಅಂದರು. ನಾನು ಹಿಗ್ಗಿ ಹೀರೇಕಾಯಿ ಆದೆ.

ಹದಿನೈದು ದಿನದ ಮೇಲೆ ಆ ಮಾತುಗಳ ಇಂಗ್ಲಿಷ್ ಅನುವಾದ ಬಂತು. ಯಾವ ಸಾಲು ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ಗುರುತು ಹಾಕಬೇಕು. ನನ್ನ ಇಂಗ್ಲಿಷು ಪಿಯುಸಿಗೇ ನಿಂತದ್ದು. ಶಿಲ್ಪ ಓದಿ ಓದಿ ಹೇಳುತ್ತಾ ಹೋದಳು.

ಚಂತಮ್ಮ ನದಿ ದಾಟಿದ್ದು ಕತ್ತಲೆಯಲ್ಲಿ. ಕಾವಲಿನವರಿಗೆ ಸದ್ದು ಕೇಳಿಸಿದರೆ ಗುಂಡು. ದೋಣಿಯಲ್ಲಿ ಹದಿನಾಲ್ಕು ಜನ, ಇವಳ ಮಡಿಲಲ್ಲಿ ಎಂಟು ತಿಂಗಳ ಹೆಣ್ಣುಮಗು. ಮಗು ಅಳದೆ ಮಲಗಿರಲಿ ಅಂತ ಗಂಡ ಒಂದಿಷ್ಟು ಅಫೀಮು ತೇಯ್ದು ಅದರ ನಾಲಿಗೆಗೆ ಸವರಿದ. ಆಗ ಎಷ್ಟೋ ಜನ ಹಾಗೆ ಮಾಡುತ್ತಿದ್ದರಂತೆ. ಆಚೆ ದಡ ಸೇರಿದಾಗ ದೋಣಿಯಲ್ಲಿದ್ದ ದೊಡ್ಡವರೆಲ್ಲ ಉಳಿದಿದ್ದರು. ಮಗು ಏಳಲಿಲ್ಲ. ನಾನೇ ಹೆಚ್ಚು ಕೊಟ್ಟುಬಿಟ್ಟೆ ಅಂತ ಗಂಡ ಅತ್ತ. ಅಮೆರಿಕಕ್ಕೆ ಹೋದ ಮೇಲೆ ಅವರಿಗೆ ಐದು ಮಕ್ಕಳಾದವು, ಆ ಮಕ್ಕಳಿಗೆ ಮಕ್ಕಳಾದವು. ಆತ ಒಂದು ಮಗುವಿಗೂ ತನ್ನ ಕೈಯಾರೆ ಒಂದು ಚಮಚ ಔಷಧಿ ಹಾಕಲಿಲ್ಲ, ಒಂದು ತುತ್ತು ತಿನ್ನಿಸಲಿಲ್ಲ.

ತಾತ ಯಾಕೆ ಹಾಗಿದ್ದರು ಅಂತ ಮೊಮ್ಮಗಳು ಕೇಳಿದ್ದು. ಅದಕ್ಕೆ ಚಂತಮ್ಮ, ಆ ಮಗುವಿಗೆ ಔಷಧಿ ಕೊಟ್ಟವರು ತಾತನೇ ಅಂತ ಎಲ್ಲರೂ ಹೇಳುತ್ತಾರೆ, ಅಂದಳು. ಅಲ್ಲಿ ಸುಮ್ಮನಾದಳು. ಆಮೇಲೆ ಹೇಳಿದ್ದು ಇದು: ಅವರು ಕೊಟ್ಟದ್ದು ಸರಿಯಾಗಿಯೇ ಇತ್ತು. ಮಗು ಮಿಸುಕಿತು. ನನಗೆ ಹೆದರಿಕೆಯಾಯಿತು. ಅವರು ಆ ಕಡೆ ತಿರುಗಿದ್ದಾಗ ನಾನು ಇನ್ನೊಂದು ಸಲ ಸವರಿದೆ. ಅವರಿಗೆ ಹೇಳಲಿಲ್ಲ. ನಾಳೆ ಹೇಳೋಣ, ನಾಳೆ ಹೇಳೋಣ ಅಂತ ಮೂವತ್ತೊಂದು ವರ್ಷವಾಯಿತು. ಅವರು ಹೋಗಿಬಿಟ್ಟರು.

ಶಿಲ್ಪ ಓದುವುದನ್ನು ನಿಲ್ಲಿಸಿ 'ಅಕ್ಕಾ, ಏನಾಯ್ತಕ್ಕ' ಅಂದಳು. ಹೆಡ್‌ಫೋನ್ ಹಾಕಿಕೊಂಡು ಕತ್ತರಿಸದೆ ಇದ್ದ ಮೂಲ ರೆಕಾರ್ಡು ತೆಗೆದೆ. ಸದ್ದು ಪೂರ್ತಿ ಏರಿಸಿ ಆ ನಲವತ್ತೊಂದು ಸೆಕೆಂಡು ಕೇಳಿದೆ. ದೂರದ ಸದ್ದು ಅಂದುಕೊಂಡಿದ್ದೆನಲ್ಲ, ದೂರದ್ದಲ್ಲ. ಚಂತಮ್ಮ ಅಂಗೈಯಿಂದ ತನ್ನ ತೊಡೆ ತಟ್ಟುತ್ತಿದ್ದಳು. ಮಗು ಮಲಗಿಸುವಾಗ ಬೆನ್ನು ತಟ್ಟುತ್ತೇವಲ್ಲ, ಅದೇ ರೀತಿ, ಅಷ್ಟೇ ಮೆಲ್ಲಗೆ. ನಾನು ಅದನ್ನು ಕಸ ಅಂತ ತೆಗೆದುಹಾಕಿದ್ದೆ. ಕಕ್ಕಸಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಆಮೇಲೆ ಪರಮೇಶ್ ಅವರ ಮುಂದೆ ನಿಂತು, ಆ ಜಾಗ ವಾಪಸ್ಸು ಹಾಕಬೇಕು ಅಂದೆ. 'ಸುಮ್ನಿರೋದನ್ನ ಯಾರ್ ಕೇಳ್ತಾರೆ ಸುನಂದಮ್ಮ, ಮೂರು ಸೆಕೆಂಡು ಅಂತ ಅವರೇ ಹೇಳವ್ರೆ' ಅಂದರು. 'ಆ ಹುಡ್ಗಿ ಕೇಳ್ತಾಳೆ ಸಾರ್. ಹಾಕ್ದೆ ಇದ್ರೆ ನಾಳೆಯಿಂದ ನಾನು ಬರಕ್ಕಿಲ್ಲ' ಅಂದೆ. ನನ್ನ ಬಾಯಿ ಇಷ್ಟು ದೊಡ್ಡದು ಅಂತ ನನಗೇ ಗೊತ್ತಿರಲಿಲ್ಲ. ಅವರು ಗೊಣಗಿಕೊಂಡು ಸಂಘಕ್ಕೆ ಬರೆದರು. ಮೊಮ್ಮಗಳೇ ಉತ್ತರ ಬರೆದಳು. ಅಜ್ಜಿ ತೀರಿಕೊಂಡು ಎರಡು ತಿಂಗಳಾಗಿದೆ, ಅವರು ಸುಮ್ಮನಿರುವುದೂ ನಮಗೆ ಬೇಕು, ದಯವಿಟ್ಟು ಬಿಡಿ, ಅಂತ. ನಾನೇ ಕೂತು ಮತ್ತೆ ಸೇರಿಸಿದೆ.

ಇಷ್ಟು ಓದುವಾಗಲೇ ನಿಮಗೆ ಏನೋ ಅನುಮಾನ ಬಂದಿರುತ್ತದೆ. ನೀರು ಕುಡಿದು ಬಂದು ಬರೆಯುತ್ತಿದ್ದೇನೆ.

ನೀವು ಏಣಿ ತೆಗೆದಿಟ್ಟಿದ್ದಿರಿ.

ಅವತ್ತು ಬೆಳಿಗ್ಗೆ ಅಟ್ಟದಿಂದ ಇಳಿದು, ಏಣಿ ತೆಗೆದು, ಹಿತ್ತಿಲ ಗೋಡೆಯ ಪಕ್ಕ ಮಲಗಿಸಿ, ಆಮೇಲೆ ಮಾರ್ಕೆಟ್ಟಿಗೆ ಹೋಗಲು ಗಾಡಿ ಹತ್ತಿದಿರಿ. ನಾನು ಕಣ್ಣಾರೆ ನೋಡಿದೆ. ಹೋಗುವಾಗ 'ಇನ್ನೂ ನೀರದೆ ಕಣೇ, ಇನ್ನೊಂದು ತಿಂಗ್ಳು ಬೇಕು' ಅಂದಿರಿ. ಇಲ್ಲ, ಒಣಗಿದೆ ಅಂತ ನಾನು. ನನಗೆ ಹಠ. ಒಂದು ಕಾಯಿ ಇಳಿಸಿಟ್ಟುಕೊಂಡು, ನೀವು ಬಂದ ಕೂಡಲೇ ಒಡೆದು ತೋರಿಸಿ ಸೋಲಿಸಬೇಕು ಅಂತ ಆಸೆ. ಏಣಿ ತಂದು ಹಾಕಿ ಹತ್ತಿದೆ. ಇಂಪನಾ ಕೆಳಗೆ ನಿಂತು ನೋಡುತ್ತಿದ್ದಳು. ಅಷ್ಟರಲ್ಲಿ ಕುಕ್ಕರ್ ಕೂಗಿತು. ಇಳಿದು ಅಡುಗೆಮನೆಗೆ ಓಡಿದೆ. ಏಣಿ ಹಾಗೇ ಇತ್ತು. ಒಲೆ ಆರಿಸಿ, ಒಗ್ಗರಣೆಗೆ ಈರುಳ್ಳಿ ಹೆಚ್ಚುತ್ತಿದ್ದೆ. ಸದ್ದಾಯಿತು.

ನೀವು ಮಾರ್ಕೆಟ್ಟಿನಿಂದ ನೇರ ಆಸ್ಪತ್ರೆಗೆ ಓಡಿ ಬಂದಿರಿ. ಏಣಿ ಹತ್ತಿ ಬಿದ್ದಳಂತೆ ಅಂತ ಯಾರೋ ಅಂದರು. ನೀವು ಗೋಡೆಗೆ ತಲೆ ಚಚ್ಚಿಕೊಂಡು 'ನಾನೇ ಕಣೇ, ಏಣಿ ತೆಗ್ದಿಡೋದ್ ಮರ್ತೆ, ನಾನೇ ಕೊಂದೆ' ಅಂದಿರಿ. ನಾನು ನಿಮ್ಮ ತಲೆ ಹಿಡಿದುಕೊಂಡೆ. ಮಗಳನ್ನು ತೋಟದ ಮೂಲೆಯಲ್ಲಿ ಮಣ್ಣು ಮಾಡಿ ಬಂದ ಮೇಲೆ ಹೇಳೋಣ ಅಂದುಕೊಂಡೆ. ಹನ್ನೊಂದು ದಿನ ಕಳೆಯಲಿ ಅಂದುಕೊಂಡೆ. ಒಂದು ಸಲ ನೀವು ಜಗುಲಿಯಲ್ಲಿ ಕೂತು 'ತೆಗ್ದಿಟ್ಟಂಗೇ ನೆಪ್ಪು ಕಣೇ ನಂಗೆ' ಅಂತ ನನ್ನ ಮುಖ ನೋಡಿದಿರಿ. ಆಗಲಾದರೂ ಹೌದು ಅನ್ನಬಹುದಿತ್ತು. ನಾನು ಅಕ್ಕಿ ಆರಿಸುತ್ತಾ ತಲೆ ತಗ್ಗಿಸಿದೆ. ಅದಾದ ಮೇಲೆ ನಿಮಗೆ ನಿಮ್ಮ ನೆನಪಿನ ಮೇಲೇ ನಂಬಿಕೆ ಹೋಯಿತು. ಬೀಗ ಹಾಕಿದ್ದನ್ನು ಮೂರು ಮೂರು ಸಲ ಹೋಗಿ ನೋಡತೊಡಗಿದಿರಿ. ಆಮೇಲೆ ಒಂದು ದಿನ ಬ್ಯಾಗು ತೆಗೆದುಕೊಂಡು ಹೊರಟಿರಿ, ನಾನು ಬಾಗಿಲವರೆಗೆ ಬಂದು ಬುತ್ತಿ ಕಟ್ಟಿಕೊಟ್ಟೆ.

ಎಂಥ ಹೆಂಗಸು ನಾನು ಅಂತ ನೀವು ಕೇಳುವುದಕ್ಕೆ ಮೊದಲು ನಾನೇ ಕೇಳಿಕೊಂಡಿದ್ದೇನೆ. ಹೆದರಿಕೆ, ಅಷ್ಟೇ. ಮಗಳನ್ನು ಕಳೆದುಕೊಂಡೆ, ಇದು ಗೊತ್ತಾದರೆ ನಿಮ್ಮನ್ನೂ ಕಳೆದುಕೊಳ್ಳುತ್ತೇನೆ ಅಂತ. ಸುಮ್ಮನಿದ್ದೇ ನಿಮ್ಮನ್ನು ಕಳೆದುಕೊಂಡೆ.

ವಾಪಸ್ಸು ಬನ್ನಿ ಅಂತ ಕರೆಯುವ ಮುಖ ನನಗಿಲ್ಲ. ಕ್ಷಮಿಸಿ ಅನ್ನುವ ಮಾತು ಇದಕ್ಕೆ ಸಾಲುವುದಿಲ್ಲ. ಅತ್ತೆಯವರಿಗೆ ಈಗಷ್ಟೇ ಎದ್ದು ಹೋಗಿ ಹೇಳಿ ಬಂದೆ. ಅವರು ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಒಂದೇ ಒಂದು ಬೇಡಿಕೆ. ಮುಂದಿನ ಸಲ ಮಾಯಸಂದ್ರಕ್ಕೆ ಹೋದಾಗ ಸೌಂದರ್ಯಳ ಮಗುವನ್ನು ಎತ್ತಿಕೊಳ್ಳಿ. ನಿಮ್ಮ ಕೈಗೆ ಏನೂ ಆಗಿಲ್ಲ.

ಇಂತಿ,
ಇಂಪನಾಳ ಅಮ್ಮ,
ಸುನಂದಾ

ಸಹಿ ಮಾಡಿದ ಮೇಲೆ ಬರೆದದ್ದು: ಆಟೋದಲ್ಲಿ ಕರೆದುಕೊಂಡು ಹೋಗುವಾಗ ಅವಳು ಏನಾದರೂ ಅಂದಳಾ ಅಂತ ನೀವು ಎಷ್ಟು ಸಲ ಕೇಳಿದ್ದೀರಿ. ಎಚ್ಚರವೇ ಇರಲಿಲ್ಲ ಅಂತ ಹೇಳುತ್ತಾ ಬಂದೆ. ಅದೂ ಸುಳ್ಳು. ನೊಣವಿನಕೆರೆ ದಾಟುವವರೆಗೂ ಎಚ್ಚರವಿತ್ತು. ಕಣ್ಣು ಬಿಟ್ಟು, 'ಅಪ್ಪಂಗೆ ಹೇಳ್ಬ್ಯಾಡ ಕಣಮ್ಮ' ಅಂದಳು. ಏಣಿ ಹತ್ತಿದ್ದಕ್ಕೆ ನೀವು ಬೈಯುತ್ತೀರಿ ಅಂತ ಹೆದರಿದ್ದಳು. 'ಹೇಳಲ್ಲ ಕಣವ್ವ' ಅಂದೆ. ಅವಳು ಕೊನೆಗೆ ಕೇಳಿದ್ದು ಅದೊಂದೇ. ನಾಲ್ಕು ವರ್ಷ ಅವಳ ಆ ಮಾತಿನ ಹಿಂದೆ ಅವಿತುಕೊಂಡಿದ್ದೆ. ಇವತ್ತು ಹೇಳಿಬಿಟ್ಟೆ. ನನ್ನನ್ನು ಎಷ್ಟು ಬೇಕಾದರೂ ಬೈಯಿರಿ. ಅವಳನ್ನು ಬೈಯಬೇಡಿ.