ಹದಿನೈದು ವಾಟಿನ ಪೆಟ್ಟಿಗೆ

ಜನವರಿ 18, ಭಾನುವಾರ
ಹಾಸ್ಟೆಲಿನಲ್ಲಿ ಗಿಟಾರಿಗೆ ಪ್ಲಗ್ ಹಾಕುವಂತಿಲ್ಲ. ಮತ್ತೆ ಒಣ ಪ್ರಾಕ್ಟೀಸ್. ಬೆರಳ ತುದಿ ಸುಲಿದಿದೆ.

ಬ್ಯಾಂಡಿನಲ್ಲಿ ಮೂವರೇ. ಹಾಡಲು ಭವಿತಕ್ಕ, ಥರ್ಡ್ ಇಯರ್. ಡ್ರಮ್ಸಿಗೆ ನನ್ನ ಕ್ಲಾಸಿನ ಮುನವ್ವರ್. ಗಿಟಾರ್ ನಾನು. ಮುಂದಿನ ತಿಂಗಳು ಸುಳ್ಯದಲ್ಲಿ ಇಂಟರ್‌ಕಾಲೇಜ್ ಫೆಸ್ಟ್, ಆಮೇಲೆ ಅದೇ ಹಾಡಿನ ರೆಕಾರ್ಡಿಂಗ್. ಎರಡಕ್ಕೂ ಗಿಟಾರಿನ ಸದ್ದು ಏರಿಸುವ ಪೆಟ್ಟಿಗೆ, ಆಂಪ್, ಯಾವುದು ಅಂತ ನಾನು ಹೇಳಬೇಕಂತೆ. ನಾನು!

"ಊಟಿಯಲ್ಲಿ ಓದಿದವಳಲ್ವಾ ಯಶಸ್ವಿ, ನಿಂಗೆ ಗೊತ್ತಿರ್ತದೆ," ಅಂದಳು ಭವಿತಕ್ಕ.

ಬೋರ್ಡಿಂಗ್ ಸ್ಕೂಲಿನಲ್ಲಿ ಸರಿಯಾಗಿ ಕಲಿತದ್ದು ಬೆಡ್‌ಶೀಟ್ ಮಡಿಸುವುದು.

ಜನವರಿ 24
ಕುಂಬ್ರಕ್ಕೆ ಹೋಗಿದ್ದೆವು, ಮುನವ್ವರ್ ಮನೆಗೆ. ಅವನ ಮಾವ ಮೂಸಕುಂಞಿಯವರು ದುಬೈಯಿಂದ ತಂದ ಟ್ಯೂಬ್ ಆಂಪ್ — ಹದಿನೈದು ವಾಟ್, ಒಂದೇ ಸ್ಪೀಕರ್. ಸ್ವಿಚ್ ಹಾಕಿದರೆ ಸದ್ದೇ ಇಲ್ಲ. ಗಾಬರಿಯಲ್ಲಿ ಗಿಟಾರಿನ ಕೇಬಲ್ ಕಿತ್ತು ಮತ್ತೆ ಹಾಕಿದೆ.

"ಗಡಿಬಿಡಿ ಎಂತಕ್ಕೆ ಮಾರಾಯ್ತಿ? ಅದು ಬಿಸಿ ಆಗ್ಬೇಕು," ಅಂದ ಮುನವ್ವರ್.

ಹಿಂದಿನಿಂದ ಇಣುಕಿದೆ. ಹಳೆಯ ರೇಡಿಯೊಗಳಲ್ಲಿ ಇರುತ್ತಿದ್ದಂಥ ಗಾಜಿನ ಕೊಳವೆಗಳು. ಮೆಲ್ಲ ಕೆಂಪಾದವು. ಸದ್ದೂ ಮೆಲ್ಲ ಬಂತು...

ಓ ಗಾಡ್. ಮೆತ್ತಗೆ ಮೀಟಿದರೆ ತಿಳಿ, ಜೋರು ಮೀಟಿದರೆ ಗಂಟಲು ಕಟ್ಟಿದ ಹಾಗೆ ಒರಟು. ಎಲ್ಲ ಬೆರಳಿನಲ್ಲೇ. ಪ್ರಾಬ್ಲಮ್ಮೂ ಅದೇ — ತಪ್ಪು ಕೂಡ ಅಷ್ಟೇ ಸ್ಪಷ್ಟ. ಇಷ್ಟು ದಿನ ಆಂಪ್ ಬದಲು ಬಳಸಿದ ನನ್ನ ಪ್ರೊಸೆಸರ್, ಸ್ವರ ಬದಲಿಸುವ ಆ ಡಿಜಿಟಲ್ ಡಬ್ಬಿ, ಎಲ್ಲವನ್ನೂ ಮುಚ್ಚಿಡುತ್ತದೆ.

ಜನವರಿ 27
ಮಂಗಳೂರಿನಿಂದ ನೂರು ವಾಟಿನದ್ದು ಬಾಡಿಗೆಗೆ ಸಿಗುತ್ತದೆ. ಆದರೆ ಅದರ ಒಳ್ಳೆಯ ಸ್ವರ ಬರುವುದು ವಾಲ್ಯೂಮ್ ಏರಿಸಿದಾಗ. ಸ್ಟೇಜಿನಲ್ಲಿ ಭವಿತಕ್ಕ ಮುಳುಗಿಹೋಗುತ್ತಾಳೆ. ಮುನವ್ವರ್ ರೂಮಿನಲ್ಲಿ ರೆಕಾರ್ಡ್ ಮಾಡಿದರೆ ಕಿಟಕಿ ಉಳಿಯಲಿಕ್ಕಿಲ್ಲ. ಚಿಕ್ಕದನ್ನೇ ಏರಿಸಿ ಎದುರು ಮೈಕ್ ಇಟ್ಟರೆ ಎರಡೂ ಕಡೆ ಅದೇ ಸ್ವರ.

ಚಿಕ್ಕದು, ಅಂದೆ.

"ಫಿಕ್ಸ್," ಅಂದಳು ಭವಿತಕ್ಕ. ಒಂದೂ ಪ್ರಶ್ನೆ ಇಲ್ಲ. ಅದೇ ಭಯ.

ಫೆಬ್ರವರಿ 6
ನಾಳೆ ಸುಳ್ಯ. ಪ್ರೊಸೆಸರನ್ನೂ ಬ್ಯಾಗಿಗೆ ಹಾಕಿದೆ. ತೆಗೆದೆ. ಹಾಕಿದೆ.

ಫೆಬ್ರವರಿ 8
ನಿನ್ನೆಯದು ಬರೆಯಲೇಬೇಕು.

ಸೌಂಡಿನ ಜಯಪ್ರಕಾಶಣ್ಣ ಪೆಟ್ಟಿಗೆ ನೋಡಿ ನಕ್ಕರು. "ಇದೆಂತ, ಟಿಫಿನ್ ಬಾಕ್ಸಾ?" ಮೈಕ್ ಇಟ್ಟು ಕೇಳಿದ ಮೇಲೆ ನಗಲಿಲ್ಲ.

ಎರಡನೇ ಚರಣದಲ್ಲಿ ಕರೆಂಟ್ ಹೋಯಿತು. ಮೈದಾನವಿಡೀ ಕೂಗು. ಮುನವ್ವರ್ ಬಾರಿಸುವುದು ಬಿಡಲಿಲ್ಲ, ಭವಿತಕ್ಕ ಮೈಕಿಲ್ಲದೆಯೇ ಹಾಡಿದಳು. ಕೊನೆಗೂ ಜನರೇಟರ್ ಶುರು. ಲೈಟ್ ಬಂತು, ಅವಳ ಮೈಕ್ ಬಂತು. ನನ್ನದು ಬರಲಿಲ್ಲ. ಕೊಳವೆಗಳು ತಣಿದಿದ್ದವು.

"ಗಿಟಾರ್ ಹೋಯ್ತು ಮಾರಾಯ್ರೆ!" — ಕೆಳಗಿನಿಂದ ಜಯಪ್ರಕಾಶಣ್ಣ.

ನಾನು ಆರಿಸಿದ್ದು. ನನ್ನಿಂದ ಎಲ್ಲ ಹಾಳು. ಪ್ರೊಸೆಸರ್ ತೆಗೆಯಲು ಬಗ್ಗಿದೆ. ಭವಿತಕ್ಕ ಹಾಡುತ್ತಲೇ ಹತ್ತಿರ ಬಂದು ಮೈಕ್ ಪಕ್ಕಕ್ಕೆ ಹಿಡಿದಳು.

"ಬಿಸಿ ಆಗ್ಲಿ. ನಾನಿದ್ದೇನಲ್ವಾ?"

ಜನರತ್ತ ತಿರುಗಿ ಚಪ್ಪಾಳೆ ಹಾಕಿಸಿದಳು. ಒಂದೇ ಸಾಲನ್ನು ಮತ್ತೆ ಮತ್ತೆ ಹಾಡಿದಳು, ಪ್ರತಿಸಲ ಬೇರೆ ಥರ. ಹೇಗೆ ಬರುತ್ತದೆ ಅವಳಿಗೆ ಇದೆಲ್ಲ? ನಾನು ಸದ್ದಿಲ್ಲದ ತಂತಿ ಮೀಟುತ್ತಾ ನಿಂತೆ. ಆಮೇಲೆ... ಚಪ್ಪಾಳೆಯ ಅಡಿಯಿಂದ ನನ್ನ ಗಿಟಾರ್ ಎದ್ದು ಬಂತು. ಮೆಲ್ಲ ಮೆಲ್ಲ. ಪೂರ್ತಿ ಬಂದಾಗ ಮೈದಾನ ಕಿರುಚಿತು.

"ಬೇಕಂತಲೇ ಮಾಡಿದ್ದಾ?" ಜಯಪ್ರಕಾಶಣ್ಣ ಕೇಳಿದರು.

"ಮತ್ತೆಂತ!" ಅಂದಳು ಭವಿತಕ್ಕ.

ಸೆಕೆಂಡ್ ಪ್ರೈಜ್.

ಫೆಬ್ರವರಿ 15, ಕುಂಬ್ರ
ರೆಕಾರ್ಡಿಂಗ್. ಕಿಟಕಿಗೆ ಹಾಸಿಗೆ ಒರಗಿಸಿದ್ದೇವೆ. ಮೈಕ್ ಸ್ಪೀಕರಿನ ನಡುವಿನಿಂದ ಸ್ವಲ್ಪ ಬದಿಗೆ. ಟೇಕ್ ಚೆನ್ನಾಗಿಯೇ ಬಂತು. ಭವಿತಕ್ಕ ಒಪ್ಪಲಿಲ್ಲ. "ಸುಳ್ಯದ ಹಾಗೆ ಬೇಕು. ಆಂಪ್ ಆಫ್ ಮಾಡು, ತಣ್ಣಗಾಗ್ಲಿ." ಗಿಟಾರ್ ಬರುವ ದಾರಿಯೂ ಹಾಡಿನಲ್ಲಿ ಇರಬೇಕಂತೆ. ಇಂಥದ್ದು ಅವಳಿಗೇ ಹೊಳೆಯಬೇಕು.

ಪ್ರೊಸೆಸರ್ ಹಾಸ್ಟೆಲಿನಲ್ಲಿ ಉಂಟು. ಮರೆತು ಬಂದದ್ದಲ್ಲ.

ಮುನವ್ವರ್ ಸ್ವಿಚ್ ಹಾಕಿದ. ಅವಳು ಶುರು ಮಾಡಿದಳು, ಕಣ್ಣು ಮುಚ್ಚಿ. ಕೊಳವೆ ಇನ್ನೂ ಕಪ್ಪು. ಗಿಟಾರ್ ತೊಡೆಯ ಮೇಲೆ, ಡೈರಿ ಗಿಟಾರಿನ ಮೇಲೆ. ಪೆನ್ನಿನ ಸದ್ದು ಬರುತ್ತದೆ ಅಂತ ಮುನವ್ವರ್ ಕಣ್ಣು ದೊಡ್ಡದು ಮಾಡುತ್ತಿದ್ದಾನೆ. ಕೆಂಪಾಗುತ್ತಾ ಇದೆ... ಇನ್ನು ನಾನು ಮೀಟ—